ಒಪ್ಪಿಕೊಳ್ಳುವುದೋ ಬದಲಾಗುವುದೋ: ಮಾರ್ಷಾ ಲಿನೆಹನ್ ಅವರ ಥೆರಪಿ ಹುಟ್ಟಿದ ಪ್ರಕರಣ

1970ರ ದಶಕದ ಕೊನೆ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮಾರ್ಷಾ ಲಿನೆಹನ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ಕಷ್ಟದ ಕೆಲಸಕ್ಕೆ ಕೈ ಹಾಕಿದರು. ಮತ್ತೆ ಮತ್ತೆ ಸಾಯಲು ಪ್ರಯತ್ನಿಸಿದವರು, ತಮಗೆ ತಾವೇ ಗಾಯ ಮಾಡಿಕೊಳ್ಳುವವರು, ಎಷ್ಟೋ ಕಡೆ ಚಿಕಿತ್ಸೆ ಪಡೆದರೂ ಸುಧಾರಿಸದವರು. ಇಂಥವರನ್ನೇ ಹುಡುಕಿ ಅವರು ತಮ್ಮಲ್ಲಿಗೆ ಕರೆಸಿಕೊಂಡರು. ಇವರಲ್ಲಿ ಅನೇಕರ ತೊಂದರೆಗೆ ವೈದ್ಯರು ಕೊಡುವ ಹೆಸರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ಸಣ್ಣ ಮಾತಿಗೂ ಮನಸ್ಸು ಹೊತ್ತಿಕೊಳ್ಳುತ್ತದೆ, ಆ ಉರಿ ಬೇಗ ಆರುವುದಿಲ್ಲ. ಹತ್ತಿರದವರು ಬಿಟ್ಟುಹೋಗುತ್ತಾರೆ ಎಂಬ ಭಯ ಸದಾ ಇರುತ್ತದೆ. ತಾನು ಯಾರು ಎಂಬುದೇ ಗಟ್ಟಿಯಾಗಿ ನಿಲ್ಲುವುದಿಲ್ಲ.

ಈ ಪ್ರಕರಣವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. "ಬೌದ್ಧರು ಇದ್ದದ್ದನ್ನು ಒಪ್ಪಿಕೋ ಎನ್ನುತ್ತಾರೆ, ಪಶ್ಚಿಮದ ಮನಶ್ಶಾಸ್ತ್ರ ಬದಲಾಗು ಎನ್ನುತ್ತದೆ" ಎಂಬ ಮಾತು ತುಂಬ ಚಾಲ್ತಿಯಲ್ಲಿದೆ. ಕೇಳಲು ಚೆನ್ನಾಗಿದೆ, ಆದರೆ ಸರಿಯಲ್ಲ. ಎಲ್ಲಿ ಸರಿಯಿಲ್ಲ ಎಂಬುದು ಈ ಕ್ಲಿನಿಕ್‌ನಲ್ಲಿ ಆದದ್ದನ್ನು ನೋಡಿದರೆ ಚೆನ್ನಾಗಿ ಕಾಣುತ್ತದೆ. ಎದುರಿಗೆ ಕೂತವರು ಮುಂದಿನ ವಾರ ಬದುಕಿರುತ್ತಾರೋ ಇಲ್ಲವೋ ಗೊತ್ತಿಲ್ಲದಿದ್ದಾಗ ಸುಮ್ನೆ ಸಿದ್ಧಾಂತ ಹಿಡಿದುಕೊಂಡು ಕೂರಲು ಆಗುವುದಿಲ್ಲ, ಅಲ್ವಾ?

ಎರಡು ದಾರಿ, ಎರಡೂ ಕೆಲಸ ಮಾಡಲಿಲ್ಲ

ಲಿನೆಹನ್ ಕಲಿತು ಬಂದದ್ದು ಬಿಹೇವಿಯರ್ ಥೆರಪಿ. ಇದರ ರೀತಿ ನೇರ. ಯಾವ ನಡವಳಿಕೆ ತೊಂದರೆ ಕೊಡುತ್ತಿದೆ ಎಂದು ಗುರುತಿಸಬೇಕು. ಅದಕ್ಕೆ ಮುಂಚೆ ಏನಾಗುತ್ತದೆ, ಆಮೇಲೆ ಏನು ಸಿಗುತ್ತದೆ ಎಂದು ನೋಡಬೇಕು. ಅದರ ಜಾಗದಲ್ಲಿ ಹೊಸದನ್ನು ಕಲಿಸಬೇಕು. ಫೋಬಿಯಾ ಮುಂತಾದ ಭಯಗಳಿಗೆ ಈ ದಾರಿ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅಷ್ಟು ಹೊತ್ತಿಗೆ ಗೊತ್ತಾಗಿತ್ತು.

ಈ ಗುಂಪಿನ ಹತ್ತಿರ ಅದು ನಡೆಯಲಿಲ್ಲ. "ನಿಮ್ಮ ಯೋಚನೆಯಲ್ಲಿ ಈ ತಪ್ಪಿದೆ, ಇದನ್ನು ಹೀಗೆ ಸರಿ ಮಾಡೋಣ" ಎಂದರೆ ಅವರಿಗೆ ಕೇಳಿಸುತ್ತಿದ್ದದ್ದೇ ಬೇರೆ: ನೀನೇ ಸಮಸ್ಯೆ, ನಿನ್ನ ನೋವು ಸುಳ್ಳು. ಕೆಲವರು ಕೂಗಾಡಿದರು, ಕೆಲವರು ಬಾಯಿ ಮುಚ್ಚಿಕೊಂಡರು, ಕೆಲವರು ಬರುವುದನ್ನೇ ಬಿಟ್ಟರು. ಹೀಗಾಗುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. "ಅಷ್ಟಕ್ಕೆಲ್ಲ ಅಳುತ್ತಾರಾ?", "ನಿನ್ನದು ಯಾವಾಗಲೂ ಅತಿ" ಎಂಬ ಮಾತು ಕೇಳಿಕೊಂಡೇ ಬೆಳೆದವರು ಅವರಲ್ಲಿ ತುಂಬ ಜನ. ಈಗ ಥೆರಪಿಸ್ಟ್ ಕೂಡ ಅದನ್ನೇ ನಯವಾಗಿ ಹೇಳಿದಂತಾಯಿತು.

ಸರಿ, ದಾರಿ ಬದಲಿಸೋಣ ಎಂದುಕೊಂಡರು. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ಕಾಲದಿಂದಲೂ ಅಮೆರಿಕದಲ್ಲಿ ಇನ್ನೊಂದು ಪಂಥ ಇತ್ತು. ಎದುರಿಗಿರುವವರನ್ನು ಯಾವ ಷರತ್ತೂ ಇಲ್ಲದೆ ಒಪ್ಪಿಕೊಳ್ಳಬೇಕು, ಹಾಗೆ ಒಪ್ಪಿಕೊಂಡಾಗ ಬದಲಾವಣೆ ತಾನಾಗಿ ಬರುತ್ತದೆ ಎನ್ನುವುದು ರೋಜರ್ಸ್ ನಂಬಿಕೆ. ಲಿನೆಹನ್ ಆ ಕಡೆ ವಾಲಿದರು. ಸಲಹೆ ಕೊಡುವುದನ್ನು ಬಿಟ್ಟು, ಕೇಳಿಸಿಕೊಂಡು, ನೋವನ್ನು ನೋವೆಂದು ಒಪ್ಪಿಕೊಂಡು ಕೂತರು. ಆಗ ಬಂದ ಸಿಟ್ಟು ಮೊದಲಿಗಿಂತ ಕಡಿಮೆ ಇರಲಿಲ್ಲ. ನಾನಿಲ್ಲಿ ನರಕದಲ್ಲಿದ್ದೇನೆ, ನೀವು ತಲೆಯಾಡಿಸುತ್ತ ಕೂತಿದ್ದೀರಿ, ನನಗೆ ಸಹಾಯ ಮಾಡುವವರು ಯಾರು?

ಎರಡೂ ದೂರು ಒಬ್ಬರ ಬಾಯಲ್ಲೇ, ಕೆಲವೊಮ್ಮೆ ಒಂದೇ ಗಂಟೆಯೊಳಗೆ ಬರುತ್ತಿದ್ದವು. ಹಾಗಾಗಿ ಇದನ್ನು "ಕೆಲವರಿಗೆ ಒಪ್ಪಿಗೆ ಬೇಕು, ಕೆಲವರಿಗೆ ಬದಲಾವಣೆ ಬೇಕು" ಎಂದು ಹಂಚಿಬಿಡಲು ಬರುವುದಿಲ್ಲ. ಅವರಿಗೆ ಎರಡೂ ಒಟ್ಟಿಗೆ ಬೇಕಿತ್ತು.

ಥೆರಪಿಸ್ಟ್‌ನ ಹಿಂದಿನ ಕಥೆ

2011ರ ಜೂನ್‌ನಲ್ಲಿ ಲಿನೆಹನ್ ಒಂದು ವಿಷಯವನ್ನು ಬಹಿರಂಗವಾಗಿ ಹೇಳಿದರು. 1961ರಲ್ಲಿ, ತಮ್ಮ 17ನೇ ವಯಸ್ಸಿನಲ್ಲಿ, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಲಿವಿಂಗ್ ಎಂಬ ಮಾನಸಿಕ ಆಸ್ಪತ್ರೆಗೆ ಅವರು ದಾಖಲಾಗಿದ್ದರು. ಇದನ್ನು ಹೇಳಿದ್ದೂ ಅದೇ ಆಸ್ಪತ್ರೆಯ ಸಭೆಯಲ್ಲೇ. ಅಲ್ಲಿ ಅವರು ಇದ್ದದ್ದು 26 ತಿಂಗಳು. ಸ್ಕಿಜೋಫ್ರೇನಿಯಾ ಎಂದು ಗುರುತಿಸಿ ಔಷಧಿ, ವಿದ್ಯುತ್ ಚಿಕಿತ್ಸೆ ಕೊಟ್ಟಿದ್ದರು. ಬಹಳ ದಿನ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ಬಿಡುಗಡೆಯ ಹೊತ್ತಿನ ದಾಖಲೆಯಲ್ಲಿ ಆಸ್ಪತ್ರೆಯ ಅತ್ಯಂತ ತೀವ್ರ ರೋಗಿಗಳಲ್ಲಿ ಒಬ್ಬರು ಎಂದು ಬರೆದಿತ್ತು. ಈ ನರಕದಿಂದ ಹೊರಬಂದರೆ ಉಳಿದವರನ್ನೂ ಹೊರಗೆ ತರುತ್ತೇನೆ ಎಂದು ಅಲ್ಲೇ ಪಣ ತೊಟ್ಟಿದ್ದಾಗಿ ಅವರು ಹೇಳಿದ್ದಾರೆ.

1967ರಲ್ಲಿ ಶಿಕಾಗೋದ ಒಂದು ಪ್ರಾರ್ಥನಾ ಮಂದಿರದಲ್ಲಿ ಅವರಿಗೆ ಒಂದು ಅನುಭವ ಆಯಿತು. ಅವರು ಕ್ಯಾಥೊಲಿಕ್ ಮನೆತನದವರು. ಮೊಣಕಾಲೂರಿ ಶಿಲುಬೆ ನೋಡುತ್ತಿದ್ದಾಗ ಸುತ್ತಲೂ ಹೊನ್ನಿನ ಬೆಳಕು ಕಂಡಂತಾಯಿತು. ಓಡಿ ಕೋಣೆಗೆ ಬಂದು "ನನ್ನನ್ನು ನಾನು ಪ್ರೀತಿಸುತ್ತೇನೆ" ಎಂದರು. ಆ ಕ್ಷಣದ ಬಗ್ಗೆ ಅನುಮಾನಪಡಲು ನನಗೇನೂ ಕಾರಣ ಕಾಣುವುದಿಲ್ಲ. ಆದರೆ ಒಬ್ಬರಿಗೆ ದರ್ಶನವಾಗಿ ಬಂದ ಒಪ್ಪಿಗೆಯನ್ನು ಮದ್ದಿನ ಹಾಗೆ ಇನ್ನೊಬ್ಬರಿಗೆ ಬರೆದುಕೊಡಲು ಆಗುವುದಿಲ್ಲ. ಪವಾಡಕ್ಕೆ ಕಾಯುತ್ತ ಕೂರಲು ಅವರ ಹತ್ತಿರ ಬರುತ್ತಿದ್ದವರಿಗೆ ಸಮಯವೂ ಇರಲಿಲ್ಲ. ಬೇಕಾಗಿದ್ದದ್ದು ಕಲಿಸಲು ಬರುವ, ದಿನಾ ಅಭ್ಯಾಸ ಮಾಡಲು ಬರುವ ಒಪ್ಪಿಗೆ.

ಅದನ್ನು ಹುಡುಕಿಕೊಂಡು 1980ರ ದಶಕದಲ್ಲಿ ಅವರು ಝೆನ್ ಎಂಬ ಬೌದ್ಧ ಧ್ಯಾನ ಪಂಥದ ಕಡೆ ಹೋದರು. ಮೊದಲು ಕ್ಯಾಲಿಫೋರ್ನಿಯಾದ ಶಾಸ್ತಾ ಆಬಿ ಎಂಬ ಝೆನ್ ಮಠ. ಇಂಗ್ಲೆಂಡಿನಲ್ಲಿ ಹುಟ್ಟಿದ ಜಿಯು ಕೆನೆಟ್ ಎಂಬ ಸನ್ಯಾಸಿನಿ 1970ರಲ್ಲಿ ಅದನ್ನು ಕಟ್ಟಿದ್ದರು. ಆಮೇಲೆ ಜರ್ಮನಿಯ ವಿಲಿಗಿಸ್ ಯೇಗರ್. ಅವರು ಕ್ರೈಸ್ತ ಸನ್ಯಾಸಿಯೂ ಹೌದು, ಝೆನ್ ಗುರುವೂ ಹೌದು. ಲಿನೆಹನ್ ಮುಂದೆ ತಾವೇ ಝೆನ್ ಕಲಿಸುವವರಾದರು.

ಬುದ್ಧ ಹೇಳಿದ್ದು ಬರೀ ಒಪ್ಪಿಕೋ ಅಂತಲೇ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಬುದ್ಧನ ಮೊದಲ ಉಪದೇಶದಲ್ಲಿ ನಾಲ್ಕು ಸತ್ಯಗಳಿವೆ ಎಂದು ಎಲ್ಲರಿಗೂ ಗೊತ್ತು. ಪ್ರತಿ ಸತ್ಯಕ್ಕೂ ಒಂದು ಕೆಲಸ ಅಂಟಿಕೊಂಡಿದೆ ಎಂಬುದನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ದುಃಖವನ್ನು ಪೂರ್ತಿಯಾಗಿ ಅರಿಯಬೇಕು. ದುಃಖದ ಕಾರಣವನ್ನು ಬಿಡಬೇಕು. ದುಃಖ ನಿಲ್ಲುವುದನ್ನು ಕಣ್ಣಾರೆ ಕಾಣಬೇಕು. ಅದಕ್ಕಿರುವ ದಾರಿಯನ್ನು ಬೆಳೆಸಿಕೊಳ್ಳಬೇಕು. ಮೊದಲನೆಯದನ್ನು ಒಪ್ಪಿಗೆ ಎನ್ನಬಹುದು. ಎರಡನೆಯದೂ ನಾಲ್ಕನೆಯದೂ ಬದಲಾವಣೆಯೇ. ಅಷ್ಟಾಂಗ ಮಾರ್ಗದ ಆರನೆಯ ಅಂಗವೇ ಸರಿಯಾದ ಪ್ರಯತ್ನ: ಕೆಟ್ಟದ್ದು ಹುಟ್ಟದಂತೆ ನೋಡಿಕೊಳ್ಳುವುದು, ಹುಟ್ಟಿದ್ದನ್ನು ಬಿಡುವುದು, ಒಳ್ಳೆಯದನ್ನು ಹುಟ್ಟಿಸುವುದು, ಹುಟ್ಟಿದ್ದನ್ನು ಉಳಿಸಿಕೊಳ್ಳುವುದು.

ಬುದ್ಧನ ಉಪದೇಶಗಳ ಹಳೆಯ ಸಂಗ್ರಹವಾದ ಮಜ್ಝಿಮ ನಿಕಾಯದ 20ನೇ ಸುತ್ತ, ಅಂದರೆ ಉಪದೇಶ, ಇನ್ನೂ ಖಚಿತ. ಕೆಟ್ಟ ಯೋಚನೆ ಬಿಡದೆ ಕಾಡಿದರೆ ಏನು ಮಾಡಬೇಕು ಎಂದು ಅಲ್ಲಿ ಐದು ಉಪಾಯ ಇವೆ. ಅದರ ಜಾಗದಲ್ಲಿ ಬೇರೆ ಯೋಚನೆ ತರುವುದು. ಅದರಿಂದಾಗುವ ಕೇಡನ್ನು ನೋಡುವುದು. ಅದರ ಕಡೆ ಗಮನ ಕೊಡದಿರುವುದು. ಓಡುತ್ತಿದ್ದವನು "ಯಾಕೆ ಓಡುತ್ತಿದ್ದೇನೆ" ಎಂದು ನಡೆದು, ನಿಂತು, ಕೂರುವ ಹಾಗೆ ಯೋಚನೆಯ ವೇಗ ಇಳಿಸುವುದು. ಯಾವುದೂ ಆಗದಿದ್ದರೆ ಹಲ್ಲು ಕಚ್ಚಿ ಮನಸ್ಸನ್ನು ಮನಸ್ಸಿನಿಂದಲೇ ಅದುಮುವುದು. ಯೋಚನೆಯ ರೀತಿ ಬದಲಿಸಲು ಕಲಿಸುವ ಕಾಗ್ನಿಟಿವ್ ಥೆರಪಿಸ್ಟ್ ಯಾರೇ ಇದನ್ನು ಓದಿದರೂ ಅವರಿಗೆ ತಮ್ಮ ಕೆಲಸದ ಗುರುತು ಸಿಗುತ್ತದೆ.

ಪಶ್ಚಿಮದ ಕಡೆಯೂ ಹಾಗೇ. ರೋಜರ್ಸ್ ಒಪ್ಪಿಗೆಯ ಮಾತನ್ನು ಝೆನ್‌ನಿಂದ ಎರವಲು ತರಲಿಲ್ಲ. 1950ರ ದಶಕದಲ್ಲಿ ತಮ್ಮ ಥೆರಪಿ ಕಟ್ಟಿದ ಆಲ್ಬರ್ಟ್ ಎಲಿಸ್ ಗಟ್ಟಿ ಬದಲಾವಣೆವಾದಿ, ರೋಗಿಗಳ ಜೊತೆ ವಾದಕ್ಕೇ ಇಳಿಯುವವರು. ಅವರು ಕೂಡ ಮಾಡಿದ ಕೆಲಸಕ್ಕೆ ಅಂಕ ಕೊಡಿ, ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಬೇಡಿ ಎನ್ನುತ್ತಿದ್ದರು.

ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. 1990ರಲ್ಲಿ ಧರ್ಮಶಾಲಾದಲ್ಲಿ ದಲೈ ಲಾಮಾ ಜೊತೆ ವಿಜ್ಞಾನಿಗಳ, ಧ್ಯಾನ ಕಲಿಸುವವರ ಒಂದು ಸಭೆ ನಡೆಯಿತು. ಅಮೆರಿಕದ ಧ್ಯಾನ ಶಿಕ್ಷಕಿ ಶರನ್ ಸಾಲ್ಜ್‌ಬರ್ಗ್ ಅವರು ತಮ್ಮನ್ನು ತಾವೇ ದ್ವೇಷಿಸುವುದರ ಬಗ್ಗೆ ಕೇಳಿದರು. ದಲೈ ಲಾಮಾ ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ, ಹಾಗೆಂದರೇನು ಎಂದು ತಿರುಗಿ ಕೇಳಿದರು. ಅಲ್ಲಿದ್ದ ಪಶ್ಚಿಮದವರಿಗೆಲ್ಲ ಅದು ಚೆನ್ನಾಗಿ ಗೊತ್ತಿದ್ದ ನೋವು. ಲಿನೆಹನ್ ಹತ್ತಿರ ಬರುತ್ತಿದ್ದವರ ನೋವಿನ ತಿರುಳೂ ಇದೇ ಆಗಿತ್ತು. ಬೌದ್ಧ ಚಿಂತನೆಯಲ್ಲಿ ಒಪ್ಪಿಕೊಳ್ಳಲು ಗಟ್ಟಿಯಾದ "ನಾನು" ಎಂಬುದೊಂದು ಇಲ್ಲ, ದ್ವೇಷಿಸಲೂ ಇಲ್ಲ. ಹಾಗಾಗಿ "ನನ್ನನ್ನು ನಾನು ಒಪ್ಪಿಕೊಳ್ಳುವುದು" ಎಂಬ ಗುರಿಯನ್ನು ಅಲ್ಲಿ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ಸಿಗುವುದು, ಈ ಗಳಿಗೆಯಲ್ಲಿ ಏನಿದೆಯೋ ಅದನ್ನು ಇದ್ದ ಹಾಗೆ ನೋಡುವುದು. ಲಿನೆಹನ್ ಝೆನ್‌ನಿಂದ ತಂದದ್ದು ಇದನ್ನೇ.

ಕೀಲು ಇರುವುದು ಕಾರಣದಲ್ಲಿ

ಒಪ್ಪಿಗೆ ಮತ್ತು ಬದಲಾವಣೆ ಹೇಗೆ ಒಟ್ಟಿಗೆ ಕೂರುತ್ತವೆ? ಅವುಗಳನ್ನು "ಸಮತೋಲನದಲ್ಲಿ ಇಡಬೇಕು" ಎಂದು ಹೇಳಿ ಎಲ್ಲರೂ ಮುಂದೆ ಹೋಗಿಬಿಡುತ್ತಾರೆ. ನನಗೆ ಆ ಉತ್ತರ ಸಾಲದು. ಎರಡನ್ನೂ ಹಿಡಿದಿರುವ ಕೀಲು ಒಂದೇ, ಅದು ಕಾರಣ ಎಂಬ ಕಲ್ಪನೆ.

ಇದು ಇದ್ದರೆ ಅದು ಇರುತ್ತದೆ, ಇದು ನಿಂತರೆ ಅದೂ ನಿಲ್ಲುತ್ತದೆ ಎನ್ನುವುದು ಬೌದ್ಧರ ಹಳೆಯ ಸೂತ್ರ. ನಡವಳಿಕೆಗೆ ಕಾರಣ ಇರುತ್ತದೆ, ಕಾರಣ ಬದಲಾದರೆ ನಡವಳಿಕೆ ಬದಲಾಗುತ್ತದೆ ಎನ್ನುವುದು ಬಿಹೇವಿಯರ್ ಥೆರಪಿಯ ಮೂಲ ಮಾತು. ಎರಡು ದೂರದ ಊರುಗಳಿಂದ ಬಂದವರು ಹೇಳಿದ್ದು ಹೆಚ್ಚುಕಡಿಮೆ ಒಂದೇ. ಲಿನೆಹನ್‌ಗೆ ಎರಡೂ ಭಾಷೆ ಬರುತ್ತಿತ್ತು.

ಒಂದು ಮಾದರಿ ನೋಡೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ಥೆರಪಿಯಲ್ಲಿ ಮಾತು ಹೇಗೆ ಸಾಗುತ್ತದೆ ಎಂದು ತೋರಿಸಲು ಕಟ್ಟಿದ್ದು. ಒಬ್ಬಾಕೆ ಮಂಗಳವಾರ ರಾತ್ರಿ ತನಗೆ ತಾನೇ ಗಾಯ ಮಾಡಿಕೊಂಡಿದ್ದಾಳೆ. "ನಾನು ಉದ್ಧಾರ ಆಗಲ್ಲ, ಮತ್ತೆ ಅದನ್ನೇ ಮಾಡಿದೆ" ಎನ್ನುತ್ತಾಳೆ. ಥೆರಪಿಸ್ಟ್ ಬೈಯುವುದಿಲ್ಲ, "ಪರವಾಗಿಲ್ಲ ಬಿಡಿ" ಎಂದೂ ಹೇಳುವುದಿಲ್ಲ. ಆ ದಿನವನ್ನು ಕೊಂಡಿ ಕೊಂಡಿಯಾಗಿ ಬಿಡಿಸಲು ಕೂರುತ್ತಾರೆ. ಹಿಂದಿನ ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆಯಿಂದ ಸರಿಯಾಗಿ ತಿಂದಿಲ್ಲ. ಕೆಲಸದ ಜಾಗದಲ್ಲಿ ಒಂದು ಟೀಕೆ. ಸಂಜೆ ಗೆಳತಿಗೆ ಫೋನ್ ಮಾಡಿದರೆ ಎತ್ತಲಿಲ್ಲ. "ನಾನು ಯಾರಿಗೂ ಬೇಡ" ಎಂಬ ಯೋಚನೆ. ನಾಚಿಕೆ. ಎದೆ ಬಿಗಿದದ್ದು. ಗಾಯ ಮಾಡಿಕೊಂಡದ್ದು. ಆಮೇಲೆ ಕೆಲವು ನಿಮಿಷ ಎದೆ ಹಗುರಾದದ್ದು, ಸುದ್ದಿ ತಿಳಿದ ಗೆಳತಿ ಓಡಿ ಬಂದದ್ದು.

ಎಲ್ಲ ಕೊಂಡಿಗಳನ್ನೂ ಮುಂದೆ ಹರವಿಕೊಂಡು ನೋಡಿದರೆ ಮೊದಲು ಹೊಳೆಯುವುದು ಇದು: ಇಷ್ಟೆಲ್ಲ ಕೂಡಿಬಂದಾಗ ಆ ರಾತ್ರಿ ಹಾಗಾದದ್ದು ವಿಚಿತ್ರವೇನಲ್ಲ. "ಹೀಗಾಗಬಾರದಿತ್ತು" ಎಂದು ಎಷ್ಟು ಹೇಳಿದರೂ ಕಾರಣಗಳು ಇದ್ದೇ ಇದ್ದವು. ಇದನ್ನು ಲಿನೆಹನ್ ರ‍್ಯಾಡಿಕಲ್ ಆಕ್ಸೆಪ್ಟೆನ್ಸ್ ಎನ್ನುತ್ತಾರೆ. ಆದದ್ದನ್ನು ಅರ್ಧಂಬರ್ಧ ಅಲ್ಲ, ಬುಡದಿಂದ ಪೂರ್ತಿಯಾಗಿ ಒಪ್ಪಿಕೊಳ್ಳುವುದು. ಹಾಗೆಂದು ಅದನ್ನು ಮೆಚ್ಚಬೇಕಿಲ್ಲ. ಆಕೆಯ ಒಂಟಿತನ ನಿಜ, ನಾಚಿಕೆ ನಿಜ, ಎರಡನ್ನೂ ಥೆರಪಿಸ್ಟ್ ಒಪ್ಪುತ್ತಾರೆ. ಗಾಯ ಮಾಡಿಕೊಂಡದ್ದನ್ನು ಸರಿ ಎನ್ನುವುದಿಲ್ಲ.

ಅದೇ ಸರಪಳಿ ಈಗ ಇನ್ನೊಂದು ಕೆಲಸಕ್ಕೆ ಬರುತ್ತದೆ. ಇದರಲ್ಲಿ ಮುಂದಿನ ಸಲ ಸಡಿಲ ಮಾಡಲು ಆಗುವ ಕೊಂಡಿ ಯಾವುದು? ನಿದ್ದೆಯೇ? ಗೆಳತಿ ಫೋನ್ ಎತ್ತದಿದ್ದಾಗ "ನಾನು ಬೇಡ" ಎಂಬುದನ್ನು ಬಿಟ್ಟು ಬೇರೆ ಕಾರಣ ಇದೆಯೇ ಎಂದು ನೋಡುವುದೇ? ಎದೆ ಬಿಗಿದಾಗ ತಣ್ಣೀರಿನಲ್ಲಿ ಮುಖ ಅದ್ದುವುದೇ? ಕೊನೆಯದು ಸಣ್ಣ ಮಾತಿನಂತೆ ಕಾಣಬಹುದು, ಆದರೆ ಆ ಥೆರಪಿಯಲ್ಲಿ ನಿಜವಾಗಿ ಕಲಿಸುವ ಉಪಾಯ. ತಣ್ಣೀರು ತಾಗಿದಾಗ ಹೃದಯದ ಬಡಿತ ಇಳಿಯುತ್ತದೆ, ಯೋಚಿಸಲು ಒಂದಿಷ್ಟು ಸಮಯ ಸಿಗುತ್ತದೆ.

ತನ್ನನ್ನು ತಾನು ಬೈದುಕೊಳ್ಳುವವರಿಗೆ ಈ ಸರಪಳಿ ಕಾಣುವುದೇ ಇಲ್ಲ. "ನಾನು ಕೆಟ್ಟವಳು" ಎಂಬ ಒಂದು ವಾಕ್ಯದಲ್ಲಿ ಎಲ್ಲ ಕಾರಣಗಳೂ ಮುಚ್ಚಿಹೋಗುತ್ತವೆ. "ನಾನಿರುವುದೇ ಹೀಗೆ, ನನಗೆ ಇದು ಒಪ್ಪಿಗೆ" ಎನ್ನುವವರಿಗೂ ಕಾಣುವುದಿಲ್ಲ. ಕಾರಣ ಹುಡುಕಲು ಹೋಗದ ಒಪ್ಪಿಗೆ ಸೋಲಿನ ಇನ್ನೊಂದು ಹೆಸರಾಗಿಬಿಡುತ್ತದೆ. ಆದದ್ದನ್ನು ಒಪ್ಪದ ಬದಲಾವಣೆಗೆ ಎಲ್ಲಿ ಕೈ ಹಾಕಬೇಕೆಂದೇ ತಿಳಿಯುವುದಿಲ್ಲ.

ಥೆರಪಿ ರೂಪ ಪಡೆದದ್ದು

ಹೀಗೆ ಬೆಳೆದ ಚಿಕಿತ್ಸೆಗೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿಬಿಟಿ ಎಂದು ಹೆಸರು. ಡಯಲೆಕ್ಟಿಕಲ್ ಎಂದರೆ ಇಲ್ಲಿ ಎದುರುಬದುರಾದ ಎರಡನ್ನು ಒಟ್ಟಿಗೆ ಹಿಡಿಯುವುದು. 1993ರಲ್ಲಿ ಅದರ ಪೂರ್ತಿ ಕೈಪಿಡಿ ಹೊರಬಂತು. ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ ಮಾತು, ವಾರಕ್ಕೊಮ್ಮೆ ಗುಂಪಿನಲ್ಲಿ ಪಾಠ. ಪಾಠದಲ್ಲಿ ನಾಲ್ಕು ಭಾಗ. ಮೈಂಡ್‌ಫುಲ್‌ನೆಸ್ (ಈ ಗಳಿಗೆಯಲ್ಲಿ ಇರುವುದನ್ನು ಗಮನಿಸುವುದು) ಮತ್ತು ಸಂಕಟ ತಡೆದುಕೊಳ್ಳುವುದು ಒಪ್ಪಿಗೆಯ ಕಡೆಗಿವೆ. ಭಾವನೆಗಳನ್ನು ಹದಕ್ಕೆ ತರುವುದು ಮತ್ತು ಜನರೊಂದಿಗೆ ವ್ಯವಹರಿಸುವುದು ಬದಲಾವಣೆಯ ಕಡೆಗಿವೆ.

ಉದ್ದ ಧ್ಯಾನಕ್ಕೆ ಕೂರುವುದು ಇವರಲ್ಲಿ ಹೆಚ್ಚಿನವರಿಗೆ ಆಗುವ ಮಾತಾಗಿರಲಿಲ್ಲ. ಕಣ್ಣು ಮುಚ್ಚಿದರೆ ಒಳಗಿನ ಬಿರುಗಾಳಿಯೇ ಎದುರಾಗುತ್ತಿತ್ತು. ಅದಕ್ಕೆ ಲಿನೆಹನ್ ಝೆನ್ ಅಭ್ಯಾಸವನ್ನು ಸಣ್ಣ ಸಣ್ಣ ತುಣುಕು ಮಾಡಿದರು: ಗಮನಿಸು, ಕಂಡದ್ದನ್ನು ಮಾತಿನಲ್ಲಿ ಹೇಳು, ಮಾಡುವುದರಲ್ಲಿ ಪೂರ್ತಿ ತೊಡಗು, ಒಳ್ಳೆಯದು ಕೆಟ್ಟದ್ದು ಎಂದು ತೀರ್ಪು ಕೊಡಬೇಡ, ಒಂದು ಹೊತ್ತಿಗೆ ಒಂದೇ ಕೆಲಸ ಮಾಡು, ಉಪಯೋಗಕ್ಕೆ ಬರುವುದನ್ನು ಮಾಡು. ಧರ್ಮದ ಹೆಸರು ಹೇಳದೆ ಯಾರಿಗೂ ಕಲಿಸಬಹುದು. ಇದೇ ಈ ಪ್ರಕರಣದ ದೊಡ್ಡ ಸಾಧನೆ ಎಂದು ನನಗನಿಸುತ್ತದೆ.

ಥೆರಪಿಸ್ಟ್ ಕೂಡ ಎರಡು ಮಾತನ್ನು ಒಟ್ಟಿಗೆ ನಂಬಿಕೊಂಡು ಕೂರಬೇಕು. ಇವರು ತಮ್ಮ ಕೈಲಾದಷ್ಟನ್ನು ಮಾಡುತ್ತಿದ್ದಾರೆ. ಇವರು ಇನ್ನೂ ಚೆನ್ನಾಗಿ, ಇನ್ನೂ ಗಟ್ಟಿಯಾಗಿ ಪ್ರಯತ್ನಿಸಬೇಕು. ಎರಡೂ ಡಿಬಿಟಿಯ ಮೂಲ ನಂಬಿಕೆಗಳ ಪಟ್ಟಿಯಲ್ಲೇ ಇವೆ. ಹೇಳಿದಷ್ಟು ಸುಲಭ ಅಲ್ಲ ಇದು. ಎದುರಿಗಿರುವವರು ಸಾಯುವ ಮಾತಾಡುತ್ತಿದ್ದರೆ ಥೆರಪಿಸ್ಟ್‌ಗೂ ಭಯವಾಗುತ್ತದೆ. ಭಯ ಜಾಸ್ತಿಯಾದರೆ ಬದಲಾಗು ಬದಲಾಗು ಎಂದು ಒತ್ತಡ ಹಾಕುತ್ತಾರೆ, ಸುಸ್ತಾದರೆ ಕೈಬಿಡುತ್ತಾರೆ. ಅದಕ್ಕಾಗಿಯೇ ಥೆರಪಿಸ್ಟ್‌ಗಳ ತಂಡ ಪ್ರತಿವಾರ ಸೇರಬೇಕು ಎಂಬುದು ಚಿಕಿತ್ಸೆಯ ಕಡ್ಡಾಯ ಭಾಗ. ಅಲ್ಲಿ ಅವರು ಒಬ್ಬರಿಗೊಬ್ಬರು ಇದೇ ಚಿಕಿತ್ಸೆ ಕೊಟ್ಟುಕೊಳ್ಳುತ್ತಾರೆ.

ಫೋನಿನ ನಿಯಮವೂ ಇದೆ. ಸಂಕಟ ಬಂದಾಗ, ಏನಾದರೂ ಮಾಡಿಕೊಳ್ಳುವ ಮೊದಲು ಥೆರಪಿಸ್ಟ್‌ಗೆ ಫೋನ್ ಮಾಡಬಹುದು. ಗಾಯ ಮಾಡಿಕೊಂಡ ಮೇಲೆ 24 ಗಂಟೆ ಮಾಡುವಂತಿಲ್ಲ, ಜೀವಕ್ಕೆ ಅಪಾಯ ಇದ್ದರೆ ಮಾತು ಬೇರೆ. ಮೊದಲು ಓದಿದಾಗ ಯಾರಿಗಾದರೂ ಇದು ಕಠೋರ ಅನಿಸುತ್ತದೆ. ಆದರೆ ಮೇಲಿನ ಸರಪಳಿಯ ಕೊನೆಯ ಕೊಂಡಿ ನೆನಪಿಸಿಕೊಳ್ಳಿ. ಗಾಯವಾದ ಮೇಲೇ ಪ್ರೀತಿ ಸಿಗುವುದಾದರೆ ಮುಂದಿನ ಗಾಯಕ್ಕೆ ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ಪ್ರೀತಿ ಮೊದಲೇ ಸಿಗಲಿ ಎಂಬುದು ಅದರ ಲೆಕ್ಕ.

ಫಲ ಏನು?

ಮೊದಲ ಪರೀಕ್ಷೆಯ ಫಲ 1991ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಚಿಕಿತ್ಸೆ. ಸಾಮಾನ್ಯ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ ಡಿಬಿಟಿ ಪಡೆದ ಮಹಿಳೆಯರು ತಮಗೆ ತಾವೇ ಹಾನಿ ಮಾಡಿಕೊಂಡದ್ದು ಕಡಿಮೆ, ಆಸ್ಪತ್ರೆಯಲ್ಲಿ ಕಳೆದ ದಿನ ಕಡಿಮೆ, ಚಿಕಿತ್ಸೆ ಅರ್ಧಕ್ಕೆ ಬಿಟ್ಟದ್ದೂ ಕಡಿಮೆ. 2006ರ ಅಧ್ಯಯನದಲ್ಲಿ 101 ಮಹಿಳೆಯರಿದ್ದರು. ಅಲ್ಲಿ ಹೋಲಿಕೆ ಪಳಗಿದ ಥೆರಪಿಸ್ಟ್‌ಗಳ ಜೊತೆ. ಆಗಲೂ ಡಿಬಿಟಿ ಗುಂಪಿನಲ್ಲಿ ಸಾಯಲು ಪ್ರಯತ್ನಿಸಿದವರು ಇನ್ನೊಂದು ಗುಂಪಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟು ಮಾತ್ರ.

1991ರ ಇನ್ನೊಂದು ಫಲದ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ. ಖಿನ್ನತೆ, ಹತಾಶೆಯ ಅಳತೆಯಲ್ಲಿ ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ. ಅಂದರೆ ನೋವು ಇನ್ನೊಂದು ಗುಂಪಿನವರಿಗೆ ಇದ್ದಷ್ಟೇ ಇವರಿಗೂ ಇತ್ತು. ಆದರೂ ಇವರು ತಮಗೆ ಹಾನಿ ಮಾಡಿಕೊಳ್ಳುವುದನ್ನು ಕಡಿಮೆ ಮಾಡಿದ್ದರು. ಇದನ್ನು ಕೆಲವರು ಚಿಕಿತ್ಸೆಯ ಕೊರತೆ ಎಂದು ಓದುತ್ತಾರೆ. ನಾನು ಹಾಗೆ ಓದುವುದಿಲ್ಲ. ನೋವು ಹೋದ ಮೇಲೆ ಬದಲಾಗುತ್ತೇನೆ ಎಂದು ಕಾಯದೆ, ನೋವು ಇದ್ದಾಗಲೇ ಬೇರೆ ರೀತಿ ನಡೆಯುವುದು ಸಾಧ್ಯ ಎಂದು ಅವರು ತೋರಿಸಿದರು. ಆದರೆ ನೋವು ಅಷ್ಟೇ ಉಳಿದರೆ ಸಾಕು ಎಂದು ಯಾವ ಚಿಕಿತ್ಸೆಯೂ ಕೈಕಟ್ಟಿ ಕೂರಬಾರದು. ಲಿನೆಹನ್ ಕೂಡ ಕೂರಲಿಲ್ಲ. ಬದುಕಲು ಯೋಗ್ಯವಾದ ಬದುಕು ಕಟ್ಟಿಕೊಡುವುದೇ ಗುರಿ ಎಂದು ಅವರು ಹೇಳುತ್ತ ಬಂದಿದ್ದಾರೆ.

ಝೆನ್ ಅಭ್ಯಾಸಿಗಳು ಎತ್ತುವ ಒಂದು ಆಕ್ಷೇಪ ಇದೆ. "ನಾನು" ಎಂಬುದನ್ನೇ ಪ್ರಶ್ನಿಸುವ ದಾರಿಯನ್ನು ಹೀಗೆ ತುಣುಕು ಮಾಡಿದರೆ ಅದು ಅರ್ಧ ದಾರಿಯಲ್ಲೇ ನಿಂತಂತೆ ಎಂದು. ನಿಜ, ನಿಂತಿದೆ. ಆದರೆ ತಾನು ಯಾರು ಎಂಬುದೇ ಗಟ್ಟಿಯಿಲ್ಲದೆ ತತ್ತರಿಸುತ್ತಿರುವವರಿಗೆ "ನಾನು ಎಂಬುದು ಇಲ್ಲ" ಎಂದು ಕಲಿಸಲು ಹೋಗುವುದು ಅಪಾಯ. ಅಲ್ಲಿ ನಿಲ್ಲಿಸಿದ್ದೇ ಸರಿ.

ನನ್ನನ್ನು ಹೆಚ್ಚು ಕಾಡುವುದು ಬೇರೆ. ಥೆರಪಿಯ ಕೋಣೆಯಿಂದ ಹೊರಬಂದ ಒಪ್ಪಿಗೆಯ ಮಾತನ್ನು ಈಗ ಹೊಡೆತ ತಿನ್ನುತ್ತಿರುವವರ ಮೇಲೂ ಹೇರುತ್ತಾರೆ. "ಒಪ್ಪಿಕೊಂಡು ಬಿಡಮ್ಮ, ಮನಸ್ಸಿಗೆ ನೆಮ್ಮದಿ ಸಿಗುತ್ತದೆ" ಎಂದು. ಲಿನೆಹನ್ ಹೇಳಿದ ಒಪ್ಪಿಗೆ ಇದಲ್ಲ. ಈ ಮನೆಯಲ್ಲಿ ನನ್ನ ಮೇಲೆ ಕೈ ಮಾಡುತ್ತಾರೆ, ಅವರು ಕ್ಷಮೆ ಕೇಳಿದ ಮೇಲೂ ಮಾಡಿದ್ದಾರೆ, ಕಾದರೆ ನಿಲ್ಲುವ ಲಕ್ಷಣ ಇಲ್ಲ. ಇಷ್ಟನ್ನು ಇದ್ದ ಹಾಗೆ ಒಪ್ಪಿಕೊಂಡವರಿಗೇ ಹೊರಡುವ ತಯಾರಿ ಮಾಡಲು ಆಗುವುದು. ಯಾವ ಕಷ್ಟಕ್ಕೂ ನಾಲ್ಕು ದಾರಿ ಇವೆ ಎಂದು ಅವರ ಪಾಠದಲ್ಲಿ ಕಲಿಸುತ್ತಾರೆ: ಸಮಸ್ಯೆಯನ್ನು ಬಗೆಹರಿಸುವುದು, ಅದರ ಬಗ್ಗೆ ಇರುವ ಭಾವನೆ ಬದಲಿಸಿಕೊಳ್ಳುವುದು, ತಡೆದುಕೊಳ್ಳುವುದು, ಇಲ್ಲವೇ ಹಾಗೇ ನರಳುತ್ತ ಇರುವುದು. ತಡೆದುಕೊಳ್ಳುವುದು ಅಲ್ಲಿ ಮೂರನೆಯದು. ಮೊದಲನೆಯದು ಸಮಸ್ಯೆಯನ್ನು ಬಗೆಹರಿಸುವುದು.